ಸಾಥಿ ಫೋನಿಗೆ ಕಾಯಿನೀರು

ಫೆಬ್ರವರಿ 10, 2025, ಸೋಮವಾರ

ಹೊಟ್ಟೆ ಉರಿಯುತ್ತಿದೆ. ರಾತ್ರಿ ಊಟವೂ ಸೇರಲಿಲ್ಲ. ಬೆಂಗಳೂರು ಆಫೀಸಿನಿಂದ ಮೇಲ್ ಬಂದಿದೆ. ನಮ್ಮ ಲೂಮೆರಾ ಕಂಪನಿ ಇನ್ನು ಅಗ್ಗದ ಫೋನ್ ಬಿಡುತ್ತದಂತೆ. "ಬೆಳೆಯುತ್ತಿರುವ ಮಾರುಕಟ್ಟೆಗಳಿಗಾಗಿ" ಎಂದು ಬರೆದಿದ್ದಾರೆ. ಅಂದರೆ ನಮ್ಮಂಥ ಊರುಗಳಿಗೆ. ಹೆಸರು ಸಾಥಿ. ಬೆಲೆ ನಾವು ಮಾರುವ ದುಬಾರಿ ದೊಡ್ಡ ಫೋನಿನ ಕಾಲು ಭಾಗ. ಬೆನ್ನ ಮೇಲೆ ಕಂಪನಿಯ ಅದೇ ಅರ್ಧಚಂದ್ರದ ಗುರುತು, ಬೆಳ್ಳಿ ಬಣ್ಣದ ಬದಲು ಬಿಳಿ.

ನಾನು ಈ ಶೋರೂಮಿಗೆ ಸುಮ್ಮನೆ ಬಂದು ಕೂತವಳಲ್ಲ. ಆರು ವರ್ಷ ತುಮಕೂರು ಬಸ್ ಸ್ಟ್ಯಾಂಡಿನ ಎದುರು ಸಿದ್ದಗಂಗಯ್ಯನವರ ಗೂಡಂಗಡಿಯಲ್ಲಿ ನಿಂತೇ ಫೋನ್ ಕವರ್ ಮಾರಿದೆ, ಸ್ಕ್ರೀನಿಗೆ ಗ್ಲಾಸ್ ಅಂಟಿಸಿದೆ. ಇಪ್ಪತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಜನ. ಗುಬ್ಬಿಯಿಂದ ಬೆಳಗಿನ ರೈಲಿನಲ್ಲಿ ಬರುವಾಗ ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಈಗ ಅದೇ ಊರಿನ ಬಿ.ಎಚ್. ರಸ್ತೆಯಲ್ಲಿ ಎ.ಸಿ. ಶೋರೂಮಿನ ಮ್ಯಾನೇಜರ್. ನಮ್ಮಲ್ಲಿ ಗಿರಾಕಿ ಅನ್ನುವ ಮಾತೇ ಇಲ್ಲ, ಗೆಸ್ಟ್ ಅನ್ನುತ್ತೇವೆ. ಸೋಫಾದಲ್ಲಿ ಕೂರಿಸಿ, ನೀರು ಕೊಟ್ಟು, ಆಮೇಲೆ ಮಾತು.

ಫೋನ್ ಕೊಂಡವರಿಗೆ ಪೂಜೆ ಮಾಡಿಕೊಡುತ್ತೇವೆ. ಅದು ನನ್ನದೇ ಯೋಚನೆ. ಹೊಸ ಗಾಡಿಗೆ ಮಾಡುವ ಜನ ಫೋನಿಗೆ ಯಾಕೆ ಮಾಡಬಾರದು? ಹಿತ್ತಾಳೆ ತಟ್ಟೆಯಲ್ಲಿ ಫೋನ್ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಬೆಳಿಗ್ಗೆ ಒಡೆದ ತೆಂಗಿನಕಾಯಿಯ ನೀರಿನಲ್ಲಿ ಹೂವು ಅದ್ದಿ ಮೂರು ಸಲ ಪ್ರೋಕ್ಷಣೆ. ಆಮೇಲೆ ತಟ್ಟೆ ಹಿಡಿಸಿ ಒಂದು ಫೋಟೊ. ನಮ್ಮ ಫೋನು ನೀರಿಗೆ ಹೆದರುವಂಥದ್ದಲ್ಲ. ಲೋಟದ ನೀರಲ್ಲಿ ಮುಳುಗಿಸಿ ತೋರಿಸಿಯೇ ಮಾರುತ್ತೇನೆ. ಕಂಪನಿಯವರು ಈ ಫೋಟೊಗಳನ್ನು ತಮ್ಮ ಇಂಟರ್ನೆಟ್ ಪೇಜಿನಲ್ಲೂ ಹಾಕಿಕೊಂಡಿದ್ದಾರೆ.

ಮೇಲ್ ಜೊತೆ ಒಂದು ಫಾರಂ ಇತ್ತು. "ನಿಮ್ಮ ಊರಿನಲ್ಲಿ ಕಡಿಮೆ ಬೆಲೆಯ ಮಾಡೆಲ್ ಮಾರಬೇಕೆ? ಹೌದು, ಇಲ್ಲ. ಕಾರಣ ತಿಳಿಸಿ." ಫೋನ್ ತಯಾರಾಗಿ ಡಬ್ಬ ಸೇರಿದ ಮೇಲೆ ಕೇಳುತ್ತಿದ್ದಾರೆ, ಇರಲಿ. 'ಇಲ್ಲ' ಒತ್ತಿ ಬರೆದೆ: "ಇವರು ನಮ್ಮ ಗೆಸ್ಟ್‌ಗಳಲ್ಲ. ಈ ಜನಕ್ಕೆ ನಮ್ಮ ಫೋನ್ ಬಳಸಲು ಬರುವುದಿಲ್ಲ." ಇಂಗ್ಲಿಷಿನಲ್ಲಿ ಅದು ಇನ್ನೂ ಚೆನ್ನಾಗಿ ಕಾಣಿಸಿತು.

ನಮ್ಮವರು ಗುಬ್ಬಿ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಓದಿ ಹೇಳಿದೆ. "ಹಂಗಾದ್ರೆ ನಾನೊಂದು ಸಾಥಿ ತಗೋತೀನಿ ಕಣೇ. ನನಗೂ ಫೋನ್ ಬಳಸೋಕೆ ಬರಲ್ಲ" ಅಂದರು. ನನಗೆ ನಗು ಬರಲಿಲ್ಲ. ಮಾನ ಕಳೆಯಬೇಡಿ ಅಂದು ದೀಪ ಆರಿಸಿದೆ.

ಫೆಬ್ರವರಿ 21, ಶುಕ್ರವಾರ

ಸಾಥಿ ಬಂತು. ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಜನ. ಒಳಗೆ ಬಂದವರು ಎಲ್ಲ ಫೋನನ್ನೂ ಮುಟ್ಟಿ ನೋಡಿದರು. ಸಂಜೆಗೆ ಗಾಜಿನ ಮೇಲೆಲ್ಲ ಬೆರಳಚ್ಚು. ನಾನೇ ಬಟ್ಟೆ ಹಿಡಿದು ಒರೆಸಿದೆ, ಕೈಗೆ ಎರಡೆರಡು ಸಲ ಸ್ಯಾನಿಟೈಸರ್ ಹಾಕಿಕೊಂಡೆ.

ಮಾಲೀಕರು ದಯಾನಂದ್ ಸರ್ ಖುಷಿಯಾಗಿದ್ದಾರೆ. ವ್ಯಾಪಾರ ಆದರೆ ಅವರಿಗೆ ಯಾರು ಬಂದರೂ ಒಂದೇ. ಸಾಥಿಗೆ ಬಾಗಿಲ ಹತ್ತಿರ ಬೇರೆ ಟೇಬಲ್ ಹಾಕಿಸಿದೆ. "ಎಲ್ಡು ಕುರ್ಚಿನಾದ್ರೂ ಹಾಕ್ಸಮ್ಮ" ಅಂದರು. ಹಾಕಿಸಲಿಲ್ಲ. ಪೂಜೆಯೂ ದೊಡ್ಡ ಫೋನಿಗೆ ಮಾತ್ರ ಅಂದೆ. ಎಲ್ಲ ಒಂದೇ ಆಗಿಬಿಟ್ಟರೆ ಅಷ್ಟು ದುಡ್ಡು ಕೊಟ್ಟು ದೊಡ್ಡದನ್ನು ಯಾರು ಕೊಳ್ಳುತ್ತಾರೆ?

ಮಾರ್ಚ್ 7, ಶುಕ್ರವಾರ

ಇವತ್ತು ಒಬ್ಬ ಹೆಂಗಸು ನನ್ನ ಮಾನ ಕಳೆದಳು.

ಹೊಂಬಾಳಮ್ಮ ಅಂತೆ. ಕುಣಿಗಲ್ ತಾಲ್ಲೂಕು ಹುತ್ರಿದುರ್ಗದವಳು. ಜೊತೆಗೆ ಮಗಳು ಮೋನಿಕಾ, ಇಪ್ಪತ್ತೆರಡು ವರ್ಷ ಇರಬಹುದು. ಆ ಹುಡುಗಿ ಕುಣಿಗಲ್ಲಿನಲ್ಲಿ ಮದುವಣಗಿತ್ತಿಯರಿಗೆ ಮೇಕಪ್ ಮಾಡುತ್ತಾಳೆ. ಮುಗಿದ ಮೇಲೆ ತಾನೇ ವಿಡಿಯೊ ಮಾಡಿ ಹಾಕಬೇಕಂತೆ, ಅದನ್ನು ನೋಡಿಯೇ ಮುಂದಿನ ಮದುವೆಯವರು ಕರೆಯುವುದಂತೆ. "ಯಾವ ಫೋನಲ್ಲಿ ತೆಗೀತೀಯಾ ಅಂತ ಕೇಳ್ತಾರೆ ಮೇಡಂ. ಲೂಮೆರಾ ಅಂದ್ರೆ ಮರುಮಾತಿಲ್ಲ" ಅಂದಳು. ಒಂದು ಗಂಟೆ ನಿಂತುಕೊಂಡೇ ಸಾಥಿಯ ಕ್ಯಾಮೆರಾ ನೋಡಿದಳು. ತಾಯಿ ಸೆರಗಿನ ಗಂಟಿನಿಂದ ದುಡ್ಡು ತೆಗೆದುಕೊಟ್ಟಳು.

ಅಷ್ಟರಲ್ಲಿ ಒಬ್ಬ ಡಾಕ್ಟರ್ ದೊಡ್ಡ ಫೋನ್ ತೆಗೆದುಕೊಂಡರು. ಅವರಿಗೆ ಪೂಜೆ ಮಾಡಿಕೊಟ್ಟೆ. ಈ ಹೆಂಗಸು ಹೊರಟವಳು ಬಾಗಿಲಲ್ಲೇ ನಿಂತಳು.

"ಏನವ್ವಾ, ಅವ್ರ ಫೋನ್ಗೆ ಪೂಜೆ ಮಾಡ್ಕೊಟ್ಟೆ. ನಮ್ಮುಡ್ಗಿ ಫೋನ್ ಏನ್ ಪಾಪ ಮಾಡೈತೆ?"

ಅದು ಬೇರೆ ಸ್ಕೀಮ್ ಅಮ್ಮ, ಅಂದೆ.

"ಪೂಜೆಗೂ ಸ್ಕೀಮ್ ಐತಾ? ದೇವ್ರು ಇಬ್ರಿಗೂ ಒಂದೇ ಅಲ್ವಾ ತಾಯಿ? ಕಾಯಿ ಇಲ್ದಿದ್ರೆ ಯೋಳು, ನಮ್ ಮರದ್ದೇ ತಂದ್ಕೊಡ್ತೀನಿ."

ಎಲ್ಲರೂ ತಿರುಗಿ ನೋಡಿದರು. ಡಾಕ್ಟರು ಮುಗುಳ್ನಕ್ಕರು. ದಯಾನಂದ್ ಸರ್ ಒಳಗಿನಿಂದ ಓಡಿಬಂದು, "ಮಾಡ್ಕೊಡಮ್ಮ ಪ್ರಮೀಳಾ, ಎಲ್ರಿಗೂ ಮಾಡು, ಇವತ್ತಿಂದ ಎಲ್ರಿಗೂ" ಅಂದುಬಿಟ್ಟರು.

ಮೈಯೆಲ್ಲ ಉರಿದುಹೋಯಿತು. ಪೂಜೆ ತಾನೆ ಬೇಕು, ತಗೋ ಅಂದುಕೊಂಡು ಸೇವಂತಿಗೆಯನ್ನು ಕಾಯಿನೀರಲ್ಲಿ ಪೂರ್ತಿ ಮುಳುಗಿಸಿ ಫೋನಿನ ಮೇಲೆ ಹಿಂಡಿದೆ. ಮೂರು ಸಲ. ತಟ್ಟೆಯಲ್ಲಿ ನೀರು ನಿಂತಿತು. ಆ ಹೆಂಗಸು ಕಣ್ಣಿಗೊತ್ತಿಕೊಂಡಳು. ಫೋಟೊದಲ್ಲಿ ನನ್ನ ಮುಖ ಸುಡುಗಾಡಿನ ಥರ ಇದೆ.

ಮಾರ್ಚ್ 8, ಶನಿವಾರ

ರಜೆ ಕೇಳಿದೆ. ಕೊಡಲಿಲ್ಲ. ಮಹಿಳಾ ದಿನಾಚರಣೆ ಅಂತ ಒಂದು ಪೆನ್ನು ಕೊಟ್ಟರು.

ಮಾರ್ಚ್ 30, ಭಾನುವಾರ, ಯುಗಾದಿ

ಹಬ್ಬದ ದಿನವೂ ಡ್ಯೂಟಿ. ಮನೆಯಲ್ಲಿ ಹೋಳಿಗೆ ತಟ್ಟಿದ್ದು ನಮ್ಮವರು. ನಾನು ಇಲ್ಲಿ ಫೋನಿಗೆ ಪೂಜೆ ಮಾಡುತ್ತಾ ನಿಂತಿದ್ದೆ. ಇವತ್ತೊಂದೇ ದಿನ ಹದಿನೆಂಟು ಸಾಥಿ. ಕಾಯಿ ಒಡೆದೂ ಒಡೆದೂ ಅಂಗೈ ಕೆಂಪಾಗಿದೆ. ಈ ಜನ ಪೂಜೆಯಾಗುವ ತನಕ ಫೋನ್ ಮುಟ್ಟುವುದಿಲ್ಲ, ಆನ್ ಮಾಡುವುದೂ ಇಲ್ಲ. ನೀರು ಒಳಗಿಳಿಯಲಿ ಅಂತ ಕಾಯುತ್ತಾರೆ. ದೊಡ್ಡ ಫೋನಿನವರು ಪೂಜೆ ನಡೆಯುವಾಗಲೇ ಯಾರಿಗೋ ಮೆಸೇಜ್ ಮಾಡುತ್ತಿರುತ್ತಾರೆ.

ಗುಬ್ಬಿಯ ಆಟೊ ಡ್ರೈವರ್ ಯಲ್ಲಯ್ಯ ಅನ್ನುವವರು ತಟ್ಟೆಗೆ ಕೈ ಹಾಕುವ ಮೊದಲು ಚಪ್ಪಲಿ ಬಿಟ್ಟು ಹೊರಗೆ ಹೋಗಿ ಕೈ ತೊಳೆದುಕೊಂಡು ಬಂದರು. ಇದನ್ನು ಯಾಕೆ ಬರೆದೆನೋ. ಕಾಲು ನೋಯುತ್ತಿದೆ.

ಏಪ್ರಿಲ್ 8, ಮಂಗಳವಾರ

ಮೋನಿಕಾ ತಾಯಿಯ ಜೊತೆ ಬಂದಿದ್ದಳು. ಫೋನ್ ಸತ್ತುಹೋಗಿದೆ. ಮೊದಲು ಚಾರ್ಜ್ ನಿಧಾನವಾಯಿತಂತೆ, ಆಮೇಲೆ ಬಿಸಿ, ನಿನ್ನೆಯಿಂದ ಏನೂ ಇಲ್ಲ. ಈ ತಿಂಗಳ ಬುಕಿಂಗ್, ಹಳೇ ವಿಡಿಯೊ, ಎಲ್ಲ ಅದರಲ್ಲೇ. ಇಪ್ಪತ್ತನೇ ತಾರೀಕು ಕುಣಿಗಲ್ಲಿನಲ್ಲಿ ದೊಡ್ಡ ಮದುವೆ ಒಪ್ಪಿಕೊಂಡಿದ್ದಾಳೆ. ಹುಡುಗಿ ಅಳಲಿಲ್ಲ. ತುಟಿ ಕಚ್ಚಿಕೊಂಡು ನಿಂತಿದ್ದಳು. ಅದು ಇನ್ನೂ ಹಿಂಸೆ.

ನೀವೇ ಏನೋ ಮಾಡಿರುತ್ತೀರಿ ಅಂತ ಬಾಯಿ ತುದಿಗೆ ಬಂತು. ಅಂದೂಬಿಟ್ಟೆ. ತಾಯಿ ನನ್ನನ್ನೇ ನೋಡಿ ಮೆಲ್ಲಗೆ ಅಂದಳು: "ಅವ್ಳು ಅದನ್ನ ಮಗೀನಂಗ್ ನೋಡ್ಕಂಡವ್ಳೆ. ನೀನೇ ಪೂಜೆ ಮಾಡ್ಕೊಟ್ಟೋಳು. ಏನಾಗೈತೆ ಅಂತ ನೀನೇ ಯೋಳು."

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ.

ಅವರು ಫೋನ್ ಬಿಟ್ಟುಹೋದ ಮೇಲೆ ಲೆಕ್ಕ ನೋಡಿದೆ. ಸರ್ವಿಸ್ ಸೆಂಟರಿಗೆ ಈ ವಾರ ಆರು ಸಾಥಿ ಹೋಗಿವೆ. ಆರೂ ಮಾರ್ಚ್ ಏಳರಿಂದ ಈಚೆಗೆ, ಎಲ್ಲರಿಗೂ ಪೂಜೆ ಶುರುವಾದ ಮೇಲೆ ಮಾರಿದವು. ಅದಕ್ಕೆ ಮೊದಲು ಮಾರಿದವು ಒಂದೂ ಬಂದಿಲ್ಲ. ಡಬ್ಬದೊಳಗಿನ ಪುಸ್ತಿಕೆ ಬಿಡಿಸಿ ಓದಿದೆ. ಹನ್ನೊಂದನೇ ಪುಟದ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ: ಈ ಮಾಡೆಲ್‌ಗೆ ನೀರಿನಿಂದ ರಕ್ಷಣೆ ಇಲ್ಲ.

ನಾನು ಮ್ಯಾನೇಜರ್. ನಾನೇ ಓದಿರಲಿಲ್ಲ. ಟ್ರೈನಿಂಗ್‌ನಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಹೂವು ಹಿಂಡಿದ್ದು ಮಾತ್ರ ನಾನು.

ಏಪ್ರಿಲ್ 11, ಶುಕ್ರವಾರ

ಸರ್ವಿಸ್ ಸೆಂಟರಿನ ಉತ್ತರ: ಒಳಗಿನ ಬಿಳಿ ಚುಕ್ಕೆ ಕೆಂಪಾಗಿದೆ, ಅಂದರೆ ನೀರು ಹೋಗಿದೆ, ಆದ್ದರಿಂದ ವಾರಂಟಿ ಇಲ್ಲ. ಏರಿಯಾ ಮ್ಯಾನೇಜರ್ ಅಂಜನ್‌ಗೆ ಫೋನ್ ಮಾಡಿದೆ. ನನಗಿಂತ ಹತ್ತು ವರ್ಷ ಚಿಕ್ಕವನು.

"ಇದು ಕಸ್ಟಮರ್ ಮಿಸ್‌ಯೂಸ್ ಮ್ಯಾಮ್. ಈ ಮಾರ್ಕೆಟ್‌ನಲ್ಲಿ ಜನಕ್ಕೆ ಇನ್ನೂ ಎಜುಕೇಶನ್ ಬೇಕು."

ಪೂಜೆ ಮಾಡಿದ್ದು ನಾವು, ಶೋರೂಮಿನಲ್ಲಿ, ಅಂದೆ.

ದನಿ ತಗ್ಗಿಸಿದ. "ಅದನ್ನ ಮೇಲ್‌ನಲ್ಲಿ ಹಾಕ್ಬೇಡಿ ಮ್ಯಾಮ್. ಪೂಜೆ ಫೋಟೊ ಎಲ್ಲಾ ನಿಮ್ಮ ಶೋರೂಮ್ ಪೇಜಿಂದ ತೆಗ್ಸಿಬಿಡಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎಜುಕೇಶನ್ ಅಂತೆ! ಹುತ್ರಿದುರ್ಗದವರು ಹನ್ನೊಂದನೇ ಪುಟದ ಇಂಗ್ಲಿಷ್ ಓದಬೇಕಿತ್ತಂತೆ. ಅದೇ ಪೂಜೆಯ ಫೋಟೊ ಹಾಕಿಕೊಂಡು ಎರಡು ವರ್ಷ ಮೆರೆದವರು ಇವರು. ಕೈಯಲ್ಲಿದ್ದ ಪೆನ್ನು ಗೋಡೆಗೆ ಎಸೆದೆ. ಅದೇ ಮಹಿಳಾ ದಿನಾಚರಣೆಯ ಪೆನ್ನು.

ಫೋಟೊ ತೆಗೆಸಲಿಲ್ಲ.

ಏಪ್ರಿಲ್ 13, ಭಾನುವಾರ

ಮೋನಿಕಾಳ ಫೋನ್ ಹಿಡಿದುಕೊಂಡು ಸಿದ್ದಗಂಗಯ್ಯನವರ ಅಂಗಡಿಗೆ ಹೋದೆ. ಆರು ವರ್ಷ ಅನ್ನ ಹಾಕಿದ ಅಂಗಡಿ. ಶೋರೂಮ್ ಸೇರಿದ ಮೇಲೆ ಆ ಕಡೆಯ ಫುಟ್‌ಪಾತ್‌ನಲ್ಲೂ ನಡೆದಿರಲಿಲ್ಲ.

"ಏನ್ ಪ್ರಮೀಳಾ, ದಾರಿ ತಪ್ಪಿ ಬಂದ್ಯಾ?" ಅಂದರು. ಅಷ್ಟೇ. ಸ್ಟೂಲ್ ಎಳೆದು ಕೊಟ್ಟರು, ಟೀ ಹೇಳಿದರು.

ಫೋನ್ ಬಿಚ್ಚಿ ಕನ್ನಡಕ ಹಣೆಗೇರಿಸಿದರು. ಒಳಗೆ ಚಾರ್ಜಿಂಗ್ ಬಾಯಿಯ ಸುತ್ತ ಹಸಿರು ಕಿಲುಬು. ಆಮೇಲೆ ಡ್ರಾಯರಿನಿಂದ ನಮ್ಮ ದೊಡ್ಡ ಮಾಡೆಲ್‌ನ ಒಂದು ಹಳೇ ಫ್ರೇಮ್ ತೆಗೆದು ಪಕ್ಕದಲ್ಲಿ ಇಟ್ಟರು.

"ನೋಡಿಲ್ಲಿ. ಇದ್ರಲ್ಲಿ ಸುತ್ತ ಕರೀ ರಬ್ಬರ್ ಐತೆ. ಅದಕ್ಕೇ ನೀರ್ ಹೋಗಲ್ಲ. ಈಗ ನಿಮ್ ಸಾಥಿ ನೋಡು."

ಸಾಥಿಯಲ್ಲೂ ಸುತ್ತ ಸಣ್ಣ ಕಾಲುವೆ ಇತ್ತು, ಅದೇ ಅಗಲ, ಅದೇ ಆಳ. ಒಳಗೆ ಏನೂ ಇರಲಿಲ್ಲ.

"ಅಚ್ಚು ಒಂದೇ ಕಣಮ್ಮ. ಜಾಗ ಮಾಡವ್ರೆ, ರಬ್ಬರ್ ಹಾಕಿಲ್ಲ."

ಅದಕ್ಕೆಷ್ಟಾಗುತ್ತೆ ಅಂತ ಕೇಳಿದೆ.

"ನಾನೊಬ್ಬ ಒಂದೇ ಒಂದು ತಂದ್ರೂ ಹತ್ತು ರೂಪಾಯಿ. ಅವ್ರಿಗೆ ಒಂದೋ ಎರಡೋ."

ಹತ್ತು ರೂಪಾಯಿ ಉಳಿಸೋಕೆ ಇಷ್ಟು ದೊಡ್ಡ ಕಂಪನಿ ಹಿಂಗೆ ಮಾಡುತ್ತಾ ಅಂದೆ.

ಸಿದ್ದಗಂಗಯ್ಯ ನಕ್ಕರು. "ಉಳಿಸೋಕಲ್ಲ ಹುಚ್ಚಿ. ಎಲ್ಡೂ ಒಂದೇ ಥರ ಇದ್ರೆ ದೊಡ್ಡದನ್ನ ಯಾರ್ ತಗೋತಾರೆ? ಇದು ಕಮ್ಮೀದು ಅಂತ ಎಲ್ಲಾದ್ರೂ ಒಂದ್ ಕಡೆ ತೋರಿಸ್ಬೇಕಲ್ಲ."

ಟೀ ಲೋಟ ಕೆಳಗಿಟ್ಟೆ. ಆ ಮಾತು ಎಲ್ಲೋ ಕೇಳಿದಂತಿತ್ತು. ಎಷ್ಟು ನೀಚರಿರಬೇಕು ಈ ಜನ! ಬಡವರಿಗೆ ಅಂತ ಮಾಡಿ, ಬೇಕಂತಲೇ ಒಂದು ತೂತು ಬಿಟ್ಟು ಕಳಿಸುವವರು.

ಫೋನಿನೊಳಗಿನ ಬೋರ್ಡ್ ತೊಳೆದು ನೋಡುತ್ತೇನೆ, ಬದುಕಿದರೆ ರಬ್ಬರ್ ಹಾಕಿಕೊಡುತ್ತೇನೆ, ಹತ್ತು ದಿನ ಬೇಕು ಅಂದರು.

ಏಪ್ರಿಲ್ 15, ಮಂಗಳವಾರ

ಬಾಗಿಲ ಬಳಿಯ ಟೇಬಲ್ಲಿಗೆ ನಾಲ್ಕು ಕುರ್ಚಿ ತರಿಸಿದೆ. ವಯಸ್ಸಾದವರು ಬರುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ.

ಏಪ್ರಿಲ್ 19, ಶನಿವಾರ

ಹುತ್ರಿದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಮೋನಿಕಾಳಿಗೆ ನನ್ನ ಫೋನ್ ಕೊಟ್ಟು ಬಂದೆ. ಐದು ವರ್ಷದ ಸರ್ವಿಸಿಗೆ ಕಂಪನಿ ಕೊಟ್ಟ ದೊಡ್ಡ ಫೋನ್. ನಾಳೆಯ ಮದುವೆಗೆ ಆಗುತ್ತೆ. "ಬಿದ್ದೋದ್ರೆ ಮೇಡಂ?" ಅಂದಳು. ಬಿದ್ದರೆ ಬೀಳಲಿ, ಕೆಲಸ ನೋಡು ಅಂತ ಗದರಿದೆ. ಹೊಂಬಾಳಮ್ಮ ಅವರೆಕಾಳು ಸಾರು ಬಡಿಸಿದರು. ಮುದ್ದೆ ಎರಡು ತಿಂದೆ.

ನಮ್ಮವರು ಕೇಳಿದರು, "ನಿನ್ನ ಫೋನನ್ನ ನನ್ನ ಕೈಗೇ ಕೊಡ್ತಿರಲಿಲ್ಲ, ಏನೇ ಇದು?" ನಿಮಗೆ ಬಳಸಲು ಬರಲ್ಲ ಅಂದೆ.

ಏಪ್ರಿಲ್ 22, ಮಂಗಳವಾರ

ಬರೆದೂ ಬರೆದೂ ಬೆರಳು ಸೋತಿದೆ. ಅಕ್ಷರ ಸೊಟ್ಟಗಾದರೆ ಆಗಲಿ.

ಅಂಜನ್ ಬಂದಿದ್ದ. ಸ್ವೀಟ್ ಬಾಕ್ಸ್ ತಂದಿದ್ದ. ದಯಾನಂದ್ ಸರ್, ನಾನು, ಸ್ಟಾಫ್ ಎಲ್ಲ ಕೂತೆವು. ಸತ್ತುಹೋದ ಸಾಥಿಗಳು ಈಗ ಇಪ್ಪತ್ತಮೂರು. ಅವುಗಳ ಫಾರಂ ಜೋಡಿಸಿಟ್ಟಿದ್ದ. ನಮ್ಮ ಭಾಗದಲ್ಲಿ ಸಾಥಿ ನಿಲ್ಲಿಸುವ ಯೋಚನೆ ಇದೆ ಅಂದ.

"ಇದನ್ನ ನಿಮ್ಮ ಪ್ರಮೀಳಾ ಮ್ಯಾಮ್ ಫೆಬ್ರವರಿಲೇ ಹೇಳಿದ್ರು" ಅಂದು ಟ್ಯಾಬ್ ತೆಗೆದು ಎಲ್ಲರ ಮುಂದೆ ಓದಿದ. "ಈ ಜನಕ್ಕೆ ನಮ್ಮ ಫೋನ್ ಬಳಸಲು ಬರುವುದಿಲ್ಲ." ನನ್ನ ಇಂಗ್ಲಿಷ್. ಒಂದೂ ತಪ್ಪಿಲ್ಲದ ಇಂಗ್ಲಿಷ್. ಹೆಡ್ ಆಫೀಸಿನ ವರದಿಯ ಮೊದಲ ಪುಟದಲ್ಲಿ ಇದನ್ನೇ ಹಾಕಿದ್ದಾರಂತೆ. ಸ್ಟಾಫ್ ಚಪ್ಪಾಳೆ ತಟ್ಟಿದರು. ನನಗೆ ಬೆಂಗಳೂರಿನ ದೊಡ್ಡ ಶೋರೂಮಿಗೆ ಪ್ರಮೋಶನ್ ಅಂತ ಹೇಳಿದ.

ಆ ಚಪ್ಪಾಳೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಈ ಫಾರಂಗೆ ಸೈನ್ ಹಾಕಿಬಿಡಿ ಮ್ಯಾಮ್. ಕಸ್ಟಮರ್ ಮನೇಲಿ ನೀರು ತಾಗಿಸಿದ್ದಾರೆ ಅಂತ ಪ್ರಿಂಟ್ ಆಗಿದೆ. ಇಪ್ಪತ್ತಮೂರು ಸೈನ್, ಐದು ನಿಮಿಷ."

ಮೊದಲ ಫಾರಂ ಮೋನಿಕಾಳದ್ದು. ಪ್ರಿಂಟ್ ಆದ ಸಾಲನ್ನು ಹೊಡೆದುಹಾಕಿ ಕನ್ನಡದಲ್ಲಿ ಬರೆದೆ: "ಪೂಜೆ ನಡೆದದ್ದು ಶೋರೂಮಿನಲ್ಲಿ. ಕಾಯಿನೀರು ಹಾಕಿದವಳು ನಾನು. ನೀರು ತಡೆಯುವ ರಬ್ಬರ್ ಫೋನಿನೊಳಗೆ ಇಲ್ಲ." ಕೆಳಗೆ ನನ್ನ ಪೂರ್ತಿ ಹೆಸರು. ಎರಡನೆಯದು ಯಲ್ಲಯ್ಯನವರದ್ದು. ಅದರಲ್ಲೂ ಅದನ್ನೇ ಬರೆದೆ. ಮೂರನೆಯದಕ್ಕೆ ಅಂಜನ್ ಕೈ ಅಡ್ಡ ಹಾಕಿದ. ಕೈ ತೆಗಿಯಪ್ಪ ಅಂದೆ. ತೆಗೆದ. ಐದು ನಿಮಿಷ ಅಲ್ಲ, ಮುಕ್ಕಾಲು ಗಂಟೆ ಹಿಡಿಯಿತು. ಯಾರೂ ಸ್ವೀಟ್ ಮುಟ್ಟಲಿಲ್ಲ.

ದಯಾನಂದ್ ಸರ್ ಕೂಗಾಡಿದರು. "ನನ್ ಏಜೆನ್ಸಿ ಹೋದ್ರೆ ಏನಮ್ಮ ಗತಿ? ಎಲ್ರಿಗೂ ಪೂಜೆ ಮಾಡು ಅಂದೋನು ನಾನು, ಗೊತ್ತಾ ನಿಂಗೆ?"

ಗೊತ್ತು ಸರ್, ನಿಮ್ಮ ಹೆಸರು ಎಲ್ಲೂ ಬರೆದಿಲ್ಲ, ಅಂದೆ.

ಅವರು ಗಲ್ಲಾ ತನಕ ಹೋಗಿ ಬೀಗ ಎಳೆದು ನೋಡಿದರು. ಆಮೇಲೆ ಬಂದು ಮೇಲಿನ ಫಾರಂ ಎಳೆದುಕೊಂಡು, ನನ್ನ ಹೆಸರಿನ ಕೆಳಗೆ "ನಾನು ಹೇಳಿ ಮಾಡಿಸಿದ್ದು" ಅಂತ ಬರೆದು, ಬೈಯುತ್ತಲೇ ಸಹಿ ಹಾಕಿದರು. ಒಂದಕ್ಕೆ ಮಾತ್ರ. ಅಷ್ಟು ಮಾಡಿದ್ದೇ ಹೆಚ್ಚು.

ಪ್ರಮೋಶನ್ ಹೋಯಿತು. ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ.

ಏಪ್ರಿಲ್ 25, ಶುಕ್ರವಾರ

ಸಿದ್ದಗಂಗಯ್ಯ ಮೋನಿಕಾಳ ಫೋನನ್ನು ಬದುಕಿಸಿದ್ದಾರೆ. ಕಾಲುವೆಗೆ ಸರಿಯಾಗಿ ಕೂರುವ ಕರೀ ರಬ್ಬರ್ ಹಾಕಿದ್ದಾರೆ. ದುಡ್ಡು ಕೊಡಲು ಹೋದರೆ ರಬ್ಬರಿನ ಹತ್ತು ರೂಪಾಯಿ ಮಾತ್ರ ತೆಗೆದುಕೊಂಡರು. ಉಳಿದದ್ದಕ್ಕೆ ಬದಲಾಗಿ, ಬಾಕಿ ಇಪ್ಪತ್ತೆರಡನ್ನೂ ತಮ್ಮ ಹತ್ತಿರವೇ ಕಳಿಸು ಅಂದರು.

ಮಧ್ಯಾಹ್ನ ತಾಯಿ ಮಗಳು ಶೋರೂಮಿಗೆ ಬಂದರು. ನನ್ನ ಫೋನ್ ವಾಪಸ್ ಕೊಟ್ಟರು, ಒಂದು ಗೀರೂ ಇಲ್ಲ. ಜೊತೆಗೆ ಮನೆಯ ಮರದ ಎರಡು ಕಾಯಿ. ಸೋಫಾದಲ್ಲಿ ಕೂರಿಸಿ ನೀರು ಕೊಟ್ಟೆ. ಹೊಂಬಾಳಮ್ಮ ಸಾಥಿಯನ್ನು ತಟ್ಟೆಯಲ್ಲಿ ತಾವೇ ಇಟ್ಟರು.

"ಸತ್ತು ಬದ್ಕೈತೆ. ಇನ್ನೊಂದ್ ಸಲ ಪೂಜೆ ಮಾಡ್ಕೊಡವ್ವಾ."

ಅರಿಶಿನ, ಕುಂಕುಮ, ಹೂವು ಇಟ್ಟೆ. ಕಾಯಿನೀರಿನ ಬಟ್ಟಲನ್ನು ದೂರ ಸರಿಸಿದೆ. ಹೂವು ಸಾಕು ಹೊಂಬಾಳಮ್ಮ, ನೀರು ಬೇಡ, ಅಂದೆ.

"ಯಾಕೆ? ಮತ್ತೆ ನಮ್ಗೊಂದು, ಅವ್ರಿಗೊಂದಾ?"

ಬಟ್ಟಲು ಹತ್ತಿರ ಎಳೆದುಕೊಂಡೆ. ಸೇವಂತಿಗೆಯನ್ನು ಅದ್ದಿದೆ. ಒಂದು ಸಲ. ಎರಡು ಸಲ. ಮೂರನೆಯದಕ್ಕೆ ಉಸಿರು ಕಟ್ಟಿಕೊಂಡು ಹಾಕಿದೆ. ಗಾಜಿನ ಮೇಲಿಂದ ನೀರು ಇಳಿದು ಚಾರ್ಜಿಂಗ್ ಬಾಯಿಯ ಹತ್ತಿರ ನಿಂತಿತು. ಅಲ್ಲಿದ್ದ ಸ್ಟಾಫ್ ಎಲ್ಲ ಬಂದು ಸುತ್ತ ನಿಂತಿದ್ದರು. ಮೋನಿಕಾ ಬಾಯಿ ಮುಚ್ಚಿಕೊಂಡು ನನ್ನ ಫೋನನ್ನೇ ಮತ್ತೆ ಇಸಿದುಕೊಂಡು ವಿಡಿಯೊ ಮಾಡುತ್ತಿದ್ದಳು. ದಯಾನಂದ್ ಸರ್ ತಮ್ಮ ಫೋನ್ ತೆಗೆದು ಅವಳ ನಂಬರ್ ಒತ್ತಿದರು.

ತಟ್ಟೆಯಲ್ಲಿ, ಒದ್ದೆ ಹೂವಿನ ಅಡಿಯಲ್ಲಿ, ಫೋನ್ ರಿಂಗಾಯಿತು.

ಹೊಂಬಾಳಮ್ಮ ಮಾತ್ರ ಗಾಬರಿಯಾಗಿರಲಿಲ್ಲ. ಕಣ್ಣಿಗೊತ್ತಿಕೊಂಡು, "ಎತ್ತವ್ವಾ, ಯಾರೋ ಕರೀತಾವ್ರೆ" ಅಂದರು.

ಸಂಜೆ ಬೆಂಗಳೂರಿನಿಂದ ಫಾರಂ ಬಂತು, ಫೆಬ್ರವರಿಯದ್ದರ ಹಾಗೇ. "ನಿಮ್ಮ ಊರಿನಲ್ಲಿ ಕಡಿಮೆ ಬೆಲೆಯ ಮಾಡೆಲ್ ಮುಂದುವರಿಸಬೇಕೆ? ಹೌದು, ಇಲ್ಲ. ಕಾರಣ ತಿಳಿಸಿ." ನನ್ನ ಹೆಸರು ಇನ್ನೂ ಅವರ ಪಟ್ಟಿಯಲ್ಲಿದೆ. ತೆಗೆಯಲು ಮರೆತಿರಬೇಕು. 'ಹೌದು' ಒತ್ತಿದೆ. ವಿಡಿಯೊ ಹಾಕಿದೆ. ಕಾರಣದ ಜಾಗದಲ್ಲಿ ಈ ಸಲ ಕನ್ನಡದಲ್ಲೇ ಬರೆದೆ:

"ಈ ಜನಕ್ಕೆ ಬಳಸಲು ಬರುತ್ತದೆ. ನಿಮಗೆ ಮಾಡಲು ಬರುವುದಿಲ್ಲ. ಕಾಲುವೆ ನೀವೇ ಕೊರೆದಿದ್ದೀರಿ, ರಬ್ಬರ್ ಹಾಕಿ ಕಳಿಸಿ."

ಕಳಿಸಿದ ಮೇಲೂ ಸಿಟ್ಟು ಇಳಿದಿಲ್ಲ. ನಾಳೆ ಬೆಳಿಗ್ಗೆ ಯಲ್ಲಯ್ಯನವರ ಮನೆಗೆ ಹೋಗಿ ಅವರ ಫೋನ್ ಇಸಿದುಕೊಂಡು ಸಿದ್ದಗಂಗಯ್ಯನವರ ಹತ್ತಿರ ಒಯ್ಯಬೇಕು. ಗುಬ್ಬಿಯಲ್ಲೇ ಅಲ್ಲವೇ, ರೈಲಿಗೆ ಮುಂಚೆ ಆಗುತ್ತೆ.